ಕಟ್ಟಿಹಾಕಿದ ಜಿಜೋಸ್ವಾಮಿ

ಮಿನಾಸೆ ಬಂದರು ನೋಡಲು ಬಂದವರಿಗೆ ಹಿಸಯೊ ಮೊದಲು ಹೇಳುವುದು, ಬಸ್ಸು ಕಾರುಗಳನ್ನೆಲ್ಲ ಮೀನಿನ ಹರಾಜುಕಟ್ಟೆಯ ಪಕ್ಕ ಬಿಟ್ಟು ಕಾಲಿಗೆ ಕೆಲಸ ಕೊಡಿ ಅಂತ. ಹಾಯಿಹಡಗುಗಳು ಅನುಕೂಲದ ಗಾಳಿಗಾಗಿ ವಾರಗಟ್ಟಲೆ ಕಾದು ನಿಲ್ಲುತ್ತಿದ್ದ ಊರು ಇದು, ಇಲ್ಲಿ ಅವಸರ ಮಾಡಿದವರಿಗೆ ಏನೂ ಕಾಣುವುದಿಲ್ಲ ಎನ್ನುತ್ತಾಳೆ. ಬಂದವರು ಹೌದೌದೆಂದು ತಲೆಯಾಡಿಸಿ, ಮರುಕ್ಷಣವೇ ಗಡಿಯಾರ ನೋಡಿಕೊಳ್ಳುತ್ತಾರೆ. ಪ್ರವಾಸಿ ಸಂಘದವರು ಅವಳಿಗೊಂದು ಹಳದಿ ಬಾವುಟ ಕೊಟ್ಟಿದ್ದಾರೆ. ಅದನ್ನು ಎತ್ತಿ ಹಿಡಿದು ಜನರನ್ನು ಕುರಿಗಳ ಹಾಗೆ ಹೊಡೆದುಕೊಂಡು ಹೋಗುವುದು ಅವಳಿಗೆ ಸೇರದು. ಬಾವುಟವನ್ನು ಚೀಲದೊಳಗೆ ಮಡಚಿಟ್ಟು ತನ್ನ ಹಳೇ ಕರಿ ಕೊಡೆ ಊರಿಕೊಂಡು ಮುಂದೆ ಹೊರಡುತ್ತಾಳೆ. ಎಪ್ಪತ್ತು ದಾಟಿದ ಹೆಂಗಸು, ಆದರೂ ಅವಳ ಹಿಂದೆ ಹೆಜ್ಜೆ ಹಾಕಲು ಪಟ್ಟಣದ ಹುಡುಗರಿಗೂ ಏದುಸಿರು ಬರುತ್ತದೆ.

ಅವಳ ದಾರಿ ಗೊತ್ತಾದದ್ದೇ. ಸರಕು ಇಳಿಸುತ್ತಿದ್ದ ಕಲ್ಲಿನ ಮೆಟ್ಟಿಲುಸಾಲು ಮೊದಲು. ಆಮೇಲೆ ಸುಟ್ಟು ಕಪ್ಪಾಗಿಸಿದ ದೇವದಾರು ಹಲಗೆಯ ಗೋಡೆಗಳಿರುವ ಹಡಗಿನ ಯಜಮಾನನ ಮನೆ. ಎದುರಿಗೆ ಬಂದವರು ಕೊಡೆ ಓರೆ ಮಾಡದೆ ದಾಟಲಾಗದ ಓಣಿ. ಅಲ್ಲಿಂದ ಸೋಯಾ ರಸ ಮಾಡುವ ಮನೆ. ಅಲ್ಲಿ ಜನ ರುಚಿ ನೋಡುವ ನೆಪದಲ್ಲಿ ಬಟ್ಟಲುಗಟ್ಟಲೆ ನೆಕ್ಕಿ, ಒಂದು ಸೀಸೆಯನ್ನೂ ಕೊಳ್ಳದೆ ಹೊರಗೆ ಬರುತ್ತಾರೆ. ಇಂಥವರಿಗೆ ನಾಚಿಕೆ ಎಂಬುದನ್ನು ಯಾರೂ ಕಲಿಸಿಲ್ಲ, ಹೋಗಲಿ ಬಿಡಿ. ಕೊನೆಗೆ ಊರ ಹಿಂದಿನ ಗಾಳಿಗುಡ್ಡ. ಹಿಂದಿನ ಕಾಲದ ನಾವಿಕರು ಬೆಳಗಾಗೆದ್ದು ಹತ್ತಿ ಮೋಡ, ಗಾಳಿ ನೋಡಿ ಇವತ್ತು ಹೊರಡಬಹುದೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದ ಜಾಗ ಅದು.

ಗುಡ್ಡದ ನೆತ್ತಿಯ ಮೇಲೆ ಮೊಣಕಾಲೆತ್ತರದ ಒಂದು ಕಲ್ಲಿನ ಜಿಜೋಸ್ವಾಮಿ ನಿಂತಿದೆ. ಮಕ್ಕಳನ್ನೂ ದಾರಿಹೋಕರನ್ನೂ ಕಾಯುವ ದೇವರು. ಉಪ್ಪುಗಾಳಿಗೆ ಕಣ್ಣು ಮೂಗು ಎಲ್ಲ ಸವೆದು ನುಣ್ಣಗಾಗಿ, ಈಗ ಮುಖದಲ್ಲಿ ಉಳಿದಿರುವುದು ಬರೀ ಸೌಮ್ಯಭಾವ. ಎದೆ, ತೋಳು ಸೇರಿಸಿ ಅದಕ್ಕೆ ಹುಲ್ಲಿನ ಹಗ್ಗ ಬಿಗಿದಿದೆ. ಬಂದವರೆಲ್ಲ ಫೋಟೋ ತೆಗೆಯುವುದು ಇದನ್ನೇ. ಹಾಯಿಹಡಗಿನ ಕಾಲದಲ್ಲಿ ಬಂದರಿನ ಸೂಳೆಗೇರಿಯ ಹೆಣ್ಣುಗಳು ತಮ್ಮ ಮನಸ್ಸಿನ ನಾವಿಕ ಹೊರಡದ ಹಾಗೆ ಎದುರುಗಾಳಿ ಬೀಸಲಿ ಎಂದು ದೇವರನ್ನೇ ಕಟ್ಟಿಹಾಕುತ್ತಿದ್ದರು. ನಡೆಸಿಕೊಡು, ಬಿಚ್ಚುತ್ತೇನೆ, ಇಲ್ಲದಿದ್ದರೆ ಹೀಗೇ ನಿಂತಿರು ಎಂದು ಗದರಿಸಿ ಹೋಗುತ್ತಿದ್ದರು. ಆಮೇಲಾಮೇಲೆ ಊರಿನ ಹೆಂಡತಿಯರು, ತಾಯಂದಿರು ಕೂಡ ಅದನ್ನೇ ಹಿಡಿದರು. ಬರಬೇಕಾದ ದೋಣಿ ಬರಲಿಲ್ಲವೆಂದರೆ ಮನೆಯ ಹೆಂಗಸು ಹಗ್ಗ ತೆಗೆದುಕೊಂಡು ಗುಡ್ಡ ಹತ್ತುವಳು. ಕಟ್ಟಿದವಳು ಮತ್ತೆ ಅಲ್ಲಿಗೆ ಬರುವುದು ಬಿಚ್ಚುವುದಕ್ಕೆ ಮಾತ್ರ. ಗಂಡಸು ತಿರುಗಿ ಬಂದರೆ ಅವಳೇ ಬಿಚ್ಚಿ, ದೇವರ ಮೈ ತೊಳೆದು ಕೈಮುಗಿಯಬೇಕು. ಅದಕ್ಕೆ ಮೊದಲೇ ಹಗ್ಗ ತಾನಾಗಿ ಲಡ್ಡಾಗಿ ಬಿದ್ದುಹೋದರೆ, ಇನ್ನು ಅವನು ಬರುವವನಲ್ಲ ಎಂದು ತಿಳಿದು ಪುರೋಹಿತರನ್ನು ಕರೆಸಬೇಕು. ಬೇರೆ ಯಾರೂ ಆ ಹಗ್ಗಕ್ಕೆ ಕೈ ಹಚ್ಚುವ ಹಾಗಿಲ್ಲ.

ಇಷ್ಟನ್ನೂ ಹಿಸಯೊ ಚೆನ್ನಾಗಿ ಹೇಳುತ್ತಾಳೆ. ಈಗಿರುವ ಹಗ್ಗ ಯಾರದು ಎಂದು ಯಾರಾದರೂ ಕೇಳಿದರೆ ಮಾತ್ರ ಊರಿನವರದ್ದು ಯಾರದ್ದೋ ಎಂದು ಹೇಳಿ, ಕೊಡೆ ಊರಿಕೊಂಡು ಇಳಿಯಲು ಶುರುಮಾಡುತ್ತಾಳೆ.

ಅದು ಅವಳ ಅಮ್ಮ ಕಿಕುನೊ ಕಟ್ಟಿದ ಹಗ್ಗ. ಹಾಗೆಂದು ಊರು ಹೇಳುತ್ತದೆ, ಕಿಕುನೊ ನಂಬಿದ್ದಾಳೆ. ಐವತ್ತು ವರ್ಷಕ್ಕೂ ಹಿಂದಿನ ಒಂದು ವಸಂತದಲ್ಲಿ ಹಿಸಯೊಳ ಅಣ್ಣ ಕತ್ಸುಜಿ, ಇನ್ನೂ ಇಪ್ಪತ್ತರ ಹುಡುಗ, ಉತ್ತರದ ಕಡಲಿಗೆ ಸಾಲ್ಮನ್ ಮೀನು ಹಿಡಿಯಲು ಹೋದ. ಅಪ್ಪ ಆಗಲೇ ತೀರಿಕೊಂಡಿದ್ದ. ದೋಣಿ ತಿರುಗಿ ಬರಲಿಲ್ಲ. ಬಲೆ ತೇಲಿಸುವ ಬುರುಡೆಗಳು, ಒಂದಷ್ಟು ಹಲಗೆ ಸಿಕ್ಕಿದವು, ಅಷ್ಟೇ. ದೋಣಿಯಲ್ಲಿದ್ದ ಗಂಡಸರ ಮನೆಗಳಿಂದ ಹೆಂಗಸರೆಲ್ಲ ಹಗ್ಗ ಹಿಡಿದು ಗುಡ್ಡ ಹತ್ತಿದರು. ಆ ವರ್ಷ ಜಿಜೋಸ್ವಾಮಿಯ ಮೈ ಕಾಣದಷ್ಟು ಹಗ್ಗ. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದೊಂದಾಗಿ ಎಲ್ಲವೂ ಕೊಳೆತು ಬಿದ್ದವು. ಒಂದೊಂದು ಮನೆಯವರೂ ಪುರೋಹಿತರನ್ನು ಕರೆಸಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಿ, ಅತ್ತು ಮುಗಿಸಿದರು. ಕಿಕುನೊಳ ಹಗ್ಗ ಮಾತ್ರ ಬೀಳಲಿಲ್ಲ. ಅದೇ ಹುಲ್ಲು, ಅದೇ ಗಾಳಿ, ಆದರೂ ನಿಂತಿದೆಯಲ್ಲ, ನಿನ್ನ ಮಗ ಎಲ್ಲೋ ಇದ್ದಾನೆ ಕಣೆ ಎಂದು ಆಗಿನ ಮುದುಕಿಯರು ಅವಳ ಕೈ ಹಿಡಿದು ಹೇಳಿದರು.

ನಿಜ ಏನೆಂದರೆ, ಅದೂ ಬಿದ್ದಿತ್ತು. ಅಮ್ಮ ಹತ್ತುವ ಹಾಗಿಲ್ಲವಲ್ಲ, ನೋಡಿಕೊಂಡು ಬಾ ಎಂದು ಹಿಸಯೊಳನ್ನು ಕಳಿಸುತ್ತಿದ್ದಳು. ಆಗ ಅವಳಿಗೆ ಹದಿನಾರೋ ಹದಿನೇಳೋ. ಒಂದು ಚಳಿಗಾಲದ ಬೆಳಿಗ್ಗೆ ಹೋಗಿ ನೋಡಿದರೆ ಹಗ್ಗ ದೇವರ ಕಾಲ ಬಳಿ ಸಗಣಿಯ ಹಾಗೆ ಬಿದ್ದಿದೆ. ಆ ದಿನಗಳಲ್ಲಿ ಕಿಕುನೊ ಅನ್ನ ಬಿಟ್ಟು ಬಡಕಲಾಗಿದ್ದಳು. ಮಗನ ಜಾಗದಲ್ಲಿ ಒಂದು ತಟ್ಟೆ ಇಟ್ಟು, ಮುಚ್ಚಳದ ಬಟ್ಟಲಲ್ಲಿ ಬಿಸಿ ಅನ್ನ ಬಡಿಸಿ, ಸ್ವಲ್ಪ ಹೊತ್ತಾದ ಮೇಲೆ ಮುಚ್ಚಳ ತೆಗೆದು ಬೆರಳಾಡಿಸುವಳು. ಮುಚ್ಚಳದ ಒಳಗೆ ನೀರಹನಿ ಕೂತಿದ್ದರೆ ದೂರ ಹೋದವನು ಜೀವಂತ ಇದ್ದಾನೆ ಎಂದು ಅರ್ಥ. ಬಿಸಿ ಅನ್ನ ಮುಚ್ಚಿದರೆ ಹನಿ ಕೂರದೆ ಇನ್ನೇನಾಗುತ್ತದೆ? ಆದರೆ ಹೆತ್ತವಳಿಗೆ ಅದನ್ನು ಹೇಳುವವರು ಯಾರು? ಹನಿ ತಾಕಿದ ಮೇಲೇ ಅವಳು ಒಂದೆರಡು ತುತ್ತು ಎತ್ತುತ್ತಿದ್ದಳು. ಹಗ್ಗ ಬಿತ್ತು ಎಂದರೆ ಈ ಹೆಂಗಸು ಉಳಿಯುವುದಿಲ್ಲ ಎಂದು ಹುಡುಗಿಗೆ ಹೆದರಿಕೆಯಾಯಿತು. ಬಲೆಮನೆಯಿಂದ ಹೊಸ ಹಗ್ಗ ತಂದು ತಾನೇ ಬಿಗಿದಳು. ಕೆಳಗಿಳಿದು ಬಂದು, ಇದೆ ಅಮ್ಮ ಎಂದಳು.

ಒಂದೇ ಸಲ ಎಂದುಕೊಂಡದ್ದು ಅವಳ ಬದುಕೇ ಆಗಿಹೋಯಿತು. ಪ್ರತಿ ವರ್ಷದ ಕೊನೆಗೆ ಊರೆಲ್ಲ ಹೊಸವರ್ಷಕ್ಕೆ ಮನೆ ಗುಡಿಸುವ ಹೊತ್ತಿನಲ್ಲಿ ಹಿಸಯೊ ಚೀಲದಲ್ಲಿ ಹಗ್ಗ ಇಟ್ಟುಕೊಂಡು ಗುಡ್ಡ ಹತ್ತುತ್ತಾಳೆ. ಕಾನಾಜಾವಾದ ರೈಲ್ವೆ ನೌಕರನೊಬ್ಬ ಅವಳನ್ನು ನೋಡಿ ಒಪ್ಪಿದ್ದ. ಒಳ್ಳೆಯ ಮನುಷ್ಯ, ನಗುತ್ತಾ ಮಾತಾಡುವವನು. ಅವಳಿಗೂ ಮನಸ್ಸಿತ್ತು. ಆದರೆ ಅಷ್ಟು ದೂರ ಹೋದರೆ ಹಗ್ಗ ಕಟ್ಟುವವರು ಯಾರು? ಅಮ್ಮ ಒಬ್ಬಳೇ ಆಗುತ್ತಾಳೆ ಎಂದು ನೆಪ ಹೇಳಿ ಬೇಡವೆಂದಳು. ಹೋಗು ಮಾರಾಯ್ತಿ ಎಂದು ಕಿಕುನೊ ಬೈದೂ ನೋಡಿದಳು, ಕೇಳಲಿಲ್ಲ. ಹುಡುಗಿಗೆ ಕೊಬ್ಬು ಎಂದು ಊರು ಆಡಿಕೊಂಡಿತು. ಮೀನು ಒಣಗಿಸುವ ಕಾರ್ಖಾನೆಯಲ್ಲಿ ದುಡಿದು ಕೈ ಒರಟಾಯಿತು, ಕೂದಲು ಬೆಳ್ಳಗಾಯಿತು, ಕೆಲಸ ಬಿಟ್ಟ ಮೇಲೆ ಊರು ತೋರಿಸುವ ಕೆಲಸ ಹಿಡಿದಳು. ಊರಿಗೆಲ್ಲ ಹಗ್ಗದ ಗುಟ್ಟು ಗೊತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೊಸವರ್ಷದ ಹಬ್ಬ ಮುಗಿದ ಮೇಲೆ ಕಿಕುನೊ ಪ್ರತಿ ಸಲವೂ ಕೇಳುವಳು, ಹಗ್ಗ ಇದೆಯಾ? ಇದೆ ಅಮ್ಮ. ಕಿಕುನೊ ಹೂಂ ಎನ್ನುವಳು.

ಈ ವಸಂತದಲ್ಲಿ ಕಿಕುನೊ ತೊಂಬತ್ತೈದು ದಾಟಿದ್ದಳು. ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಹೃದಯ ಸೋತಿದೆ, ಮಳೆಗಾಲ ದಾಟಿದರೆ ಪುಣ್ಯ ಎಂದು ಡಾಕ್ಟರು ಹಿಸಯೊಳನ್ನು ಹೊರಗೆ ಕರೆದು ಹೇಳಿದ್ದರು. ಮುದುಕಿಯ ಕಿವಿ ಚುರುಕು, ಅದೂ ಅವಳಿಗೆ ಕೇಳಿಸಿತ್ತು. ಒಂದು ದಿನ ಮಧ್ಯಾಹ್ನ ಮೂಲಂಗಿ ಉಪ್ಪಿನಕಾಯಿ ಚೀಪುತ್ತಾ ಮಾತು ತೆಗೆದಳು.

"ಎಲ್ಲೆಲ್ಲಿಂದಲೋ ಬಂದವರಿಗೆಲ್ಲ ಊರು ತೋರಿಸ್ತೀಯಲ್ಲ, ನಂಗೂ ಒಂದ್ಸಲ ತೋರಿಸು."

"ನಿಂಗೆ ಕಣ್ಣೇ ಕಾಣಲ್ವಲ್ಲಮ್ಮ."

"ನೀನು ಹೇಳು, ನಾನು ಕೇಳ್ತೀನಿ. ಗುಡ್ಡಕ್ಕೂ ಹೋಗ್ಬೇಕು."

ಹಿಸಯೊ ತಟ್ಟನೆ ಅಮ್ಮನ ಮುಖ ನೋಡಿದಳು. ಕಟ್ಟಿದವಳು ಗುಡ್ಡ ಹತ್ತುವುದು ಬಿಚ್ಚುವುದಕ್ಕೆ ಮಾತ್ರ.

ಕಿಕುನೊ ಮುಚ್ಚಿಡಲಿಲ್ಲ. ಸತ್ತ ಮಕ್ಕಳನ್ನು ಕೈಹಿಡಿದು ಆಚೆ ದಡಕ್ಕೆ ದಾಟಿಸುವವನು ಜಿಜೋಸ್ವಾಮಿ. ಅವನ ಕೈಯನ್ನೇ ತಾನು ಕಟ್ಟಿ ನಿಲ್ಲಿಸಿದ್ದೇನೆ. ಕತ್ಸುಜಿ ಹೋಗಿಬಿಟ್ಟಿದ್ದರೆ, ಪಾಪ, ಇಷ್ಟು ವರ್ಷ ಅವನನ್ನು ಕರೆದುಕೊಳ್ಳಲು ಯಾರು ಹೋಗಿದ್ದಾರೆ? ತಾನು ಈಗ ಹೊರಟುನಿಂತಿದ್ದೇನೆ, ಅವನ ಹೆಸರು ಕಲ್ಲಿನ ಮೇಲೆ ಬರದೆ, ಅವನಿಗೊಂದು ಮಂತ್ರವೂ ಇಲ್ಲದೆ, ದೇವರನ್ನೂ ಕಟ್ಟಿಹಾಕಿ ಹೇಗೆ ಹೋಗಲಿ? ಆದರೆ ಹಗ್ಗ ನಿಂತೇ ಇದೆ. ನಿಂತಿದೆಯೆಂದರೆ ಹುಡುಗ ಇದ್ದಾನೇನೋ. ಇದ್ದವನನ್ನು ಕೈಯಾರೆ ಬಿಟ್ಟುಕೊಡುವುದು ಹೆತ್ತವಳಿಂದ ಆಗುತ್ತದೆಯೇ? ಹಗ್ಗವನ್ನು ಮುಟ್ಟಿ ನೋಡುತ್ತೇನೆ, ಒಂದಿಷ್ಟು ಕೊಳೆತಿದ್ದರೂ ಬಿಚ್ಚಿಬಿಡುತ್ತೇನೆ, ಗಟ್ಟಿ ಇದ್ದರೆ ಹಾಗೇ ಬಿಟ್ಟು ಬರುತ್ತೇನೆ ಎಂದಳು.

ಹಗ್ಗ ಗಟ್ಟಿಯಾಗಿಯೇ ಇತ್ತು. ಹೊಸವರ್ಷಕ್ಕೆ ಮುಂಚೆಯಷ್ಟೇ ಹಿಸಯೊ ಕಟ್ಟಿ ಬಂದಿದ್ದಳು. ಮಾರನೆಯ ದಿನ ಬೆಳಿಗ್ಗೆ ಅವಳು ಒಬ್ಬಳೇ ಗುಡ್ಡಕ್ಕೆ ಹೋದಳು. ಬಿಚ್ಚಿ ದೇವರ ಕಾಲ ಬಳಿ ಹಾಕಿಬಿಟ್ಟರೆ ಆಯಿತು, ಬಿದ್ದಿದೆ ಅಮ್ಮ ಎಂದರೆ ಆಯಿತು. ಗಂಟಿನ ಮೇಲೆ ಕೈ ಇಟ್ಟಳು. ಬಿಚ್ಚಲು ಕೈ ಬರಲೇ ಇಲ್ಲ. ಇಷ್ಟು ವರ್ಷ ಅಮ್ಮನಿಗಾಗಿ ಎಂದುಕೊಂಡಿದ್ದಳು. ಈಗ ಅಮ್ಮನೇ ಬಿಡಲು ಸಿದ್ಧ, ಆದರೂ ಆಗುತ್ತಿಲ್ಲ. ಹಾಗೇ ಇಳಿದು ಬಂದಳು.

ಹೊರಟ ದಿನ ಗಾಲಿಕುರ್ಚಿ ತಳ್ಳಲು, ಮೆಟ್ಟಿಲು ಬಂದಲ್ಲಿ ಬೆನ್ನ ಮೇಲೆ ಹೊರಲು ಮೀನಂಗಡಿಯ ಗೊರೊ ಬಂದ. ಅರವತ್ತು ಮೀರಿದ್ದರೂ ಎಮ್ಮೆಯಂಥ ಬಲ. ಮುಳುಗಿದ ದೋಣಿಯ ನಾಯಕ ಇವನ ಅಪ್ಪನೇ. ಅವನ ಅಮ್ಮನ ಹಗ್ಗ ಬಿದ್ದದ್ದು ಎರಡನೆಯ ವರ್ಷದಲ್ಲಿ, ಅವನು ಇನ್ನೂ ಸಣ್ಣವನಿದ್ದಾಗ. ಅಜ್ಜಿ, ನಿನ್ನ ಮೈಯಲ್ಲಿ ತೂಕ ಇರೋದೆಲ್ಲ ನಾಲಿಗೆಯಲ್ಲೇ ಎಂದು ತಮಾಷೆ ಮಾಡಿದ. ನಿನ್ನ ತಲೆಯಲ್ಲಿ ಅದೂ ಇಲ್ಲ, ಸುಮ್ಮನೆ ತಳ್ಳು ಎಂದಳು ಕಿಕುನೊ.

ಹಿಸಯೊ ಎಲ್ಲರಿಗೂ ಹೇಳುವ ಹಾಗೇ ಹೇಳುತ್ತಾ ನಡೆದಳು. ಬೇರೆ ಮಾತು ಬಾಯಿಗೆ ಬರುವಂತಿರಲಿಲ್ಲ. ಹಡಗಿನ ಯಜಮಾನನ ಮನೆಯ ಮುಂದೆ, ಬರಗಾಲದಲ್ಲಿ ಊರಿಗೆಲ್ಲ ಅಕ್ಕಿ ಹಂಚಿದ ಧರ್ಮಿಷ್ಠ ಎಂದಾಗ ಕಿಕುನೊ ತಡೆದಳು. ಸುಳ್ಳು, ಹುಳ ಹಿಡಿದ ಅಕ್ಕಿ ಹಂಚಿದ್ದು, ನನ್ನ ಅತ್ತೆಯ ಅಜ್ಜಿ ತಿಂದು ವಾಂತಿ ಮಾಡಿಕೊಂಡಿದ್ದಳಂತೆ ಎಂದಳು. ಗೊರೊ ಹೊಟ್ಟೆ ಹಿಡಿದುಕೊಂಡು ನಕ್ಕ. ಓಣಿಯಲ್ಲಿ ಕಿಕುನೊ ಗೋಡೆ ಸವರಿಕೊಂಡು ಹೋದಳು. ಸೋಯಾ ಮನೆಯ ಮುಂದೆ ಕುರ್ಚಿ ನಿಲ್ಲಿಸಿ ಮೂಗು ತುಂಬ ವಾಸನೆ ಎಳೆದುಕೊಂಡಳು. ಈ ಸಲ ಕೊನೆಗೆ ಉಳಿಸಿಕೊಂಡ ಬಂದರಿನ ಕಲ್ಲುಮೆಟ್ಟಿಲ ಹತ್ತಿರ ಮಾತ್ರ, ಇಲ್ಲಿ ಏನೂ ಹೇಳಬೇಡ ಎಂದಳು. ಚಪ್ಪಲಿ ಕಳಚಿಸಿ ಬರಿಗಾಲನ್ನು ಕಲ್ಲಿನ ಮೇಲೆ ಇಟ್ಟುಕೊಂಡು ಕೂತಳು. ಕತ್ಸುಜಿ ದೋಣಿ ಹತ್ತಿದ್ದು ಅದೇ ಮೆಟ್ಟಿಲಿನಿಂದ. ಸೀಗಡಿ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಅವಳಿಗೆ ಬಗ್ಗಿ ನಮಸ್ಕರಿಸಿ, ಸದ್ದಿಲ್ಲದೆ ಸರಿದುಹೋದಳು.

ಗುಡ್ಡದ ಮೆಟ್ಟಿಲನ್ನು ಗೊರೊ ಮುದುಕಿಯನ್ನು ಹೊತ್ತು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಹತ್ತಿದ. ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಜಿಜೋಸ್ವಾಮಿಯ ಮುಂದೆ ಹುಲ್ಲಿನ ಮೇಲೆ ಇಳಿಸಿದ. ಕಿಕುನೊ ಕೈಮುಗಿದಳು. ಆಮೇಲೆ ದೇವರ ತಲೆ ಸವರಿದಳು, ಸವೆದ ಮುಖ ಸವರಿದಳು, ಅಯ್ಯೋ, ನೀನೂ ಮುದುಕ ಆಗಿಬಿಟ್ಟೆಯಲ್ಲಪ್ಪ ಎಂದಳು. ಕೈ ಕೆಳಗಿಳಿದು ಹಗ್ಗದ ಮೇಲೆ ಬಂತು.

ಹಿಸಯೊ ಪಕ್ಕದಲ್ಲೇ ನಿಂತಿದ್ದಳು. ಕೊಳೆತ ಹಗ್ಗ ಅಲ್ಲ ಅದು. ಅಮ್ಮ ಈಗ ಗಟ್ಟಿ ಇದೆ ಅನ್ನುತ್ತಾಳೆ, ತಿರುಗಿ ಹೋಗೋಣ ಅನ್ನುತ್ತಾಳೆ, ಇನ್ನು ಕೆಲವು ವಾರಗಳಲ್ಲಿ ಆ ಭಾರವನ್ನೇ ಹೊತ್ತು ಸಾಯುತ್ತಾಳೆ. ಹೇಳಿಬಿಡಬೇಕು ಅಂದುಕೊಂಡಳು. ಕೊಡೆಯನ್ನು ನೆಲಕ್ಕೆ ಊರಿ ಹಾಗೇ ನಿಂತಳು.

ಕಿಕುನೊ ಒಂದು ಜೀವಮಾನ ಬಲೆ ಹೆಣೆದು, ಹರಿದ ಬಲೆ ಹೊಲಿದು ಬದುಕಿದವಳು. ಬೆರಳು ಗಂಟಿನ ಹತ್ತಿರ ಬಂದು ನಿಂತಿತು. ಒಂದು ಎಳೆ ಹಿಡಿದು ನೋಡಿತು, ಅದು ಸುತ್ತಿಕೊಂಡ ದಿಕ್ಕಿನಲ್ಲೇ ಹೋಗಿ ಇನ್ನೊಂದು ಎಳೆ ಹಿಡಿಯಿತು. ಸುತ್ತು ತಿರುವುಮುರುವಾಗಿತ್ತು. ಹಿಸಯೊ ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ಕೈಗೆ ಹೊಡೆದು ಹೊಡೆದು ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ಕಲಿಸಿದ್ದಳು ಕಿಕುನೊ. ಗಂಟು ಹಾಕುವುದೊಂದನ್ನು ಬದಲಾಯಿಸಲು ಆಗಿರಲಿಲ್ಲ.

"ಇದು ನಿನ್ನ ಗಂಟು," ಎಂದಳು.

ಗೊರೊ ತಟ್ಟನೆ ಎದ್ದು, ಸಮುದ್ರದ ಕಡೆ ತಿರುಗಿ ನಿಂತ.

"ಹೌದಮ್ಮ."

"ಯಾವಾಗ್ಲಿಂದ?"

"ಮೊದಲ್ನಿಂದ. ಎಲ್ಲರ ಹಗ್ಗ ಬಿತ್ತಲ್ಲ, ಆವಾಗ್ಲೇ ನಿಂದೂ ಬಿತ್ತು. ನೀನು ಊಟ ಬಿಟ್ಟಿದ್ದೆ. ಹೇಳಕ್ಕೆ ಆಗ್ಲಿಲ್ಲಮ್ಮ."

ಬೈಯುತ್ತಾಳೆ ಅಂದುಕೊಂಡಳು ಹಿಸಯೊ. ಬೈದಿದ್ದರೆ ಎಷ್ಟೋ ಸಲೀಸಿತ್ತು. ಕಿಕುನೊ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕುರುಡು ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಸುಕ್ಕುಗಳಲ್ಲಿ ನಿಂತಿತು.

"ಪ್ರತಿ ವರ್ಷ ಕೇಳ್ತಿದ್ದೆನಲ್ಲೇ, ಹಗ್ಗ ಇದೆಯಾ ಅಂತ. ಬಿದ್ದೋಯ್ತು ಅಂತ ನಿನ್ನ ಬಾಯಲ್ಲಿ ಒಂದ್ಸಲ ಬರ್ಲಿ ಅಂತ ಕೇಳ್ತಿದ್ದೆ. ಬಿದ್ದಿದ್ರೆ ಅತ್ತು ಮುಗಿಸ್ತಿದ್ದೆ. ನಿನ್ನನ್ನ ಕಾನಾಜಾವಾಕ್ಕೆ ಕಳಿಸ್ತಿದ್ದೆ. ನೀನು ಇದೆ ಅಂತಿದ್ದೆ. ಸರಿ, ದೇವರು ಹಿಡ್ಕೊಂಡಿದ್ದಾನೆ, ನಾನು ಹೇಗೆ ಬಿಡ್ಲಿ ಅಂದ್ಕೊಂಡು ಅನ್ನ ಇಡ್ತಾ ಬಂದೆ."

ಹಿಸಯೊ ಕೊಡೆ ಬಿಟ್ಟು ನೆಲದ ಮೇಲೆ ಕುಸಿದು ಕೂತಳು. ಅಮ್ಮ ಬಿಡಲಾರಳು ಎಂದು ತಾನು, ಹಗ್ಗ ಬಿಡುತ್ತಿಲ್ಲ ಎಂದು ಅಮ್ಮ. ಒಬ್ಬರಿಗಾಗಿ ಒಬ್ಬರು ಇಬ್ಬರ ಬದುಕನ್ನೂ ಈ ಕಲ್ಲಿಗೆ ಕಟ್ಟಿಬಿಟ್ಟಿದ್ದರು. ಜೊತೆಗೆ ಆ ಹುಡುಗನನ್ನೂ. ಅಣ್ಣನನ್ನು ಕರೆಯಲು ಹೋಗಬೇಕಾದವನ ಕೈ ಕಟ್ಟಿ ವರ್ಷ ವರ್ಷ ಬಿಗಿದವಳು ತಾನು. ಕ್ಷಮಿಸಮ್ಮ ಎಂದಳು. ಅದು ಅಮ್ಮನಿಗೋ, ದೇವರಿಗೋ, ಅಣ್ಣನಿಗೋ ಅವಳಿಗೇ ತಿಳಿಯಲಿಲ್ಲ.

"ಕ್ಷಮೆ ಆಮೇಲೆ ಕೇಳು. ಮೊದ್ಲು ಬಿಚ್ಚು," ಎಂದಳು ಕಿಕುನೊ.

"ನೀನು ಬಿಚ್ಚಮ್ಮ. ನನ್ನ ಕೈಲಿ ಆಗಲ್ಲ."

"ನಾನು ಕಟ್ಟಿದ್ದು ಯಾವಾಗಲೋ ಬಿದ್ದೋಯ್ತು. ಇದು ನೀನು ಕಟ್ಟಿದ್ದು. ಕಟ್ಟಿದವರೇ ಬಿಚ್ಚಬೇಕು."

ಉಪ್ಪುಗಾಳಿಗೆ ಗಂಟು ಕಲ್ಲಿನಷ್ಟು ಬಿಗಿದಿತ್ತು. ಉಗುರು ಹಾಕಿದಳು, ಜಾರಿತು. ಕತ್ತಿ ಕೊಡಲೇ ಅಕ್ಕ ಎಂದು ಗೊರೊ ತಿರುಗದೆಯೇ ಕೇಳಿದ. ಬೇಡ ಎಂದಳು. ಎಡಗೈಯಿಂದ ಒಂದೊಂದೇ ಎಳೆ ಸಡಿಲಿಸಿದಳು. ಕಿಕುನೊ ಅವಸರಪಡಿಸದೆ ಪಕ್ಕದಲ್ಲೇ ಕೂತು ಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಕೊನೆಗೆ ಹಗ್ಗ ಸಡಿಲಾಗಿ ಜಾರಿತು. ಕಲ್ಲಿನ ಎದೆಯ ಮೇಲೆ ಅದು ಸುತ್ತಿದ್ದ ಜಾಗ ಮಾತ್ರ ಬಿಳಿಚಿಕೊಂಡಿತ್ತು.

ಕಿಕುನೊ ಮುಂದೆ ಬಗ್ಗಿ, ಕೇಳಿಸದವರಿಗೆ ಹೇಳುವ ಹಾಗೆ ದೇವರ ಕಿವಿಯ ಹತ್ತಿರ ಬಾಯಿ ತಂದಳು.

"ಹೋಗಪ್ಪ, ತುಂಬ ಹೊತ್ತು ನಿಲ್ಲಿಸಿಬಿಟ್ವಿ. ಅವನಿಗೆ ಇಪ್ಪತ್ತು ವಯಸ್ಸು, ಹೆಸರು ಕತ್ಸುಜಿ. ನೀಲಿ ಸ್ವೆಟರು ಹಾಕಿದಾನೆ. ನಾನೇ ಹೆಣೆದದ್ದು, ಒಂದು ತೋಳು ಉದ್ದ ಆಗಿತ್ತು, ಮಡಚ್ಕೊಂಡಿರ್ತಾನೆ. ನೋಡಿದ್ರೆ ಗೊತ್ತಾಗತ್ತೆ."

ಗೊರೊ ಮೂಗು ಒರೆಸಿಕೊಂಡ. ತನ್ನ ಅಂಗಡಿಯಿಂದ ತಂದಿದ್ದ ಸೀಸೆಯ ನೀರಿನಿಂದ ಮೂವರೂ ಸೇರಿ ಜಿಜೋಸ್ವಾಮಿಯ ಮೈ ತೊಳೆದರು. ಹಗ್ಗವನ್ನು ಹಿಸಯೊ ಸುತ್ತಿ ಚೀಲದಲ್ಲಿ ಆ ಹಳದಿ ಬಾವುಟದ ಪಕ್ಕ ಇಟ್ಟುಕೊಂಡಳು. ಇಳಿಯುವ ದಾರಿಯಲ್ಲೇ ದೇವಸ್ಥಾನಕ್ಕೆ ಹೋಗಿ ಪುರೋಹಿತರಿಗೆ ವಿಷಯ ತಿಳಿಸಿದರು. ಅವರು ಏನೂ ಪ್ರಶ್ನೆ ಮಾಡದೆ, ಈ ವಾರದಲ್ಲೇ ಮಾಡೋಣ, ಕಲ್ಲು ಕೆತ್ತುವವನಿಗೆ ತಾವೇ ಹೇಳುತ್ತೇವೆ ಎಂದರು.

ಸಂಜೆ ಹಿಸಯೊ ಅಡುಗೆ ಮಾಡಿದಳು. ಅನ್ನ, ಮಿಸೊ ಸಾರು, ಸುಟ್ಟ ಒಣಮೀನು. ಯೋಚನೆಯಿಲ್ಲದೆ ಕೈ ಮೂರು ಬಟ್ಟಲು ತೆಗೆಯಿತು, ಮೂರಕ್ಕೂ ಅನ್ನ ತುಂಬಿತು. ಒಂದರ ಮೇಲೆ ಮುಚ್ಚಳ ಹಾಕಿತು. ಮಣೆಯ ಮೇಲೆ ಇಡುವ ಸದ್ದು ಕೇಳಿ ಕಿಕುನೊ ಮುಖ ಎತ್ತಿದಳು.

"ಎರಡು ಸಾಕು ಕಣೆ," ಎಂದಳು.

ಮೂರನೆಯ ಬಟ್ಟಲನ್ನು ಹಿಸಯೊ ಹಿಂದಕ್ಕೆ ಎತ್ತಿಕೊಂಡಳು. ಬಿಸಿ ಅಂಗೈಗೆ ತಾಕಿತು. ಇಡಲು ಎಲ್ಲೂ ಜಾಗ ತೋಚಲಿಲ್ಲ. ಅಣ್ಣ ಹೋದ ದಿನದಿಂದ ಅಮ್ಮನ ಮುಂದೆ ಒಂದು ಹನಿ ಕಣ್ಣೀರು ಹಾಕದವಳು ಅಡುಗೆಮನೆಯ ನಡುವೆ ನಿಂತು ಬಾಯಿಬಿಟ್ಟು ಅಳತೊಡಗಿದಳು.

ಕಿಕುನೊ ಕೈ ಚಾಚಿ ಅವಳನ್ನು ತಡಕಿ, ಏಪ್ರನ್ನಿನ ಅಂಚು ಸಿಕ್ಕಿದಾಗ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಳು," ಎಂದಳು. "ಅನ್ನ ಆರಿದ್ರೆ ಆರ್ಲಿ."